ಕಾಂಬೋ ಬೇಡ: ಹೊಳೆಗೆ ಒಂದು ದಿನ, ಬೆಟ್ಟಕ್ಕೆ ಒಂದು ದಿನ

1/9

ಸುತ್ತಿ ಬಳಸಿ ಹೇಳೋಕೆ ಬರಲ್ಲ, ನೇರವಾಗಿ ಹೇಳಿಬಿಡ್ತೀನಿ. "ಬೆಳಗ್ಗೆ ಮಾಂದಲ್‌ಪಟ್ಟಿ ಆಫ್‌ರೋಡ್ ಜೀಪ್, ಮಧ್ಯಾಹ್ನ ದುಬಾರೆ ರಾಫ್ಟಿಂಗ್, ರಾತ್ರಿ ಮನೆ" ಅಂತ ಬರೋ ಒಂದು ದಿನದ ಕಾಂಬೋ ಪ್ಯಾಕೇಜ್ ಬುಕ್ ಮಾಡಬೇಡಿ.

ನಮ್ಮ ಕ್ಲಾಸ್ ಗ್ರೂಪಲ್ಲಿ ಪೋಲ್ ಓಡ್ತಿದೆ. ಆಗಸ್ಟ್ 15ರ ರಜೆಗೆ ಫೈನಲ್ ಇಯರ್ ಟ್ರಿಪ್, ಕೊಡಗು ಕಾಂಬೋ, ಹೌದಾ ಅಲ್ವಾ? ಇದನ್ನ ಬರೆಯೋ ಹೊತ್ತಿಗೆ ಮುಕ್ಕಾಲು ಜನ "ಹೌದು" ಒತ್ತಿದ್ದಾರೆ. ನಾನು "ಅಲ್ಲ" ಒತ್ತಿದ್ದೀನಿ. ಯಾಕೆ ಅಂತ ಗ್ರೂಪಲ್ಲಿ ಬರೆದ್ರೆ ಎರಡು ಸ್ಟಿಕ್ಕರ್ ಕೆಳಗೆ ಮುಳುಗಿಹೋಗುತ್ತೆ. ಅದಕ್ಕೇ ಇಲ್ಲಿ ಒಂಬತ್ತು ಪೋಸ್ಟ್.

ಮೊದಲೇ ಒಂದು ಮಾತು. ನಾನು ಟೂರಿಸಂ ವಿರೋಧಿ ಅಲ್ಲ. ನಮ್ಮನೆ ಇರೋದು ಮಡಿಕೇರಿ ಕಡೆ. ನಮ್ಮೂರಲ್ಲಿ ಜೀಪ್ ಓಡಿಸೋ ಅಣ್ಣಂದಿರಿದ್ದಾರೆ, ಹೋಂಸ್ಟೇ ನಡೆಸೋ ಆಂಟಿಯರಿದ್ದಾರೆ. ಟೂರಿಸ್ಟ್ ಬರದೇ ಇದ್ರೆ ಅವರ ಮನೆ ಒಲೆ ಉರಿಯೋದು ಕಷ್ಟ. ನೀವು ಬರಬೇಡಿ ಅಂತ ನಾನು ಹೇಳ್ತಿಲ್ಲ. ಬನ್ನಿ, ಖಂಡಿತ ಬನ್ನಿ.

ನನ್ನ ಜಗಳ ಇರೋದು ಹೊಳೆ ಮತ್ತು ಬೆಟ್ಟದ ಮಧ್ಯ ಇರೋ ಆ ಪ್ಲಸ್ ಚಿಹ್ನೆ ಜೊತೆ. ರಾಫ್ಟಿಂಗ್ ತಪ್ಪಲ್ಲ. ಜೀಪ್ ಹತ್ತೋದೂ ತಪ್ಪಲ್ಲ. ಎರಡನ್ನೂ ಒಂದೇ ದಿನಕ್ಕೆ ತುರುಕೋದು ತಪ್ಪು. ತುರುಕಿದ ತಕ್ಷಣ ಮೂರು ಲೆಕ್ಕ ಕೆಡುತ್ತೆ: ಋತುವಿನ ಲೆಕ್ಕ, ಗಡಿಯಾರದ ಲೆಕ್ಕ, ದುಡ್ಡಿನ ಲೆಕ್ಕ. ಮೂರೂ ಕೆಟ್ಟಾಗ ಅದರ ಬಿಲ್ ಕಟ್ಟೋರು ಯಾರು ಅಂತ ಕೊನೆಗೆ ನೋಡೋಣ.

ಬಿಕಾಂ ಓದ್ತಿದ್ದೀವಿ ಕಣ್ರಪ್ಪ. ಡೆಬಿಟ್ ಎಲ್ಲಿದೆ ಅಂತ ನೋಡದೇ ಕ್ರೆಡಿಟ್ ಮಾತ್ರ ನೋಡಿ "ಸೂಪರ್ ಆಫರ್" ಅನ್ನೋದು ನಮಗೆ ಶೋಭೆ ಅಲ್ಲ.

ಮುಂದಿನದು: ಋತು.

2/9

ಮೊದಲು ಋತುವಿನ ಲೆಕ್ಕ. ಪೋಸ್ಟರ್ ಮಾಡೋರು ಯಾರೂ ಇದನ್ನ ಹೇಳಲ್ಲ.

ದುಬಾರೆಯಲ್ಲಿ ರಾಫ್ಟಿಂಗ್ ಯಾವಾಗ ಮಜಾ? ಕಾವೇರಿ ತುಂಬಿದಾಗ. ಅಂದ್ರೆ ಜೂನ್ ಕೊನೆಯಿಂದ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿನವರೆಗೆ. ಬೇಸಿಗೆಯಲ್ಲಿ ಹೋಗಿ ನೋಡಿ, ನೀರಿನ ಮಧ್ಯೆ ಬಂಡೆ ಮೇಲೆ ಕಾಲಿಟ್ಟುಕೊಂಡೇ ಆನೆ ಕ್ಯಾಂಪ್ ಕಡೆ ದಾಟಬಹುದು. ದಕ್ಷಿಣ ಕೊಡಗಿನ ಬರಪೊಳೆ ರಾಫ್ಟಿಂಗ್ ಅಂತೂ ಪೂರ್ತಿ ಮಳೆಗಾಲದ ಆಟ. ಮಳೆ ಇಲ್ಲ ಅಂದ್ರೆ ರಾಪಿಡ್ ಇಲ್ಲ.

ಮಾಂದಲ್‌ಪಟ್ಟಿ ಯಾವಾಗ ಚೆಂದ? ಮಳೆ ಬಿಟ್ಟ ಮೇಲೆ. ಅಕ್ಟೋಬರ್ ಕೊನೆಯಿಂದ ಫೆಬ್ರವರಿ ತನಕ, ಬೆಳಗಿನ ಜಾವ, ಕೆಳಗೆ ಕಣಿವೆ ತುಂಬ ಮೋಡ ಹಾಸಿಕೊಂಡಿರುತ್ತೆ. 2008ರಲ್ಲಿ ಬಂದ 'ಗಾಳಿಪಟ' ಸಿನಿಮಾದ ಮುಗಿಲ್‌ಪೇಟೆ ಇದೇ ಜಾಗ. ಆ ಸಿನಿಮಾ ನೋಡಿಯೇ ಅರ್ಧ ಕರ್ನಾಟಕ ಮಾಂದಲ್‌ಪಟ್ಟಿಗೆ ದಾರಿ ಕೇಳಿದ್ದು.

ಜುಲೈ, ಆಗಸ್ಟಲ್ಲಿ ಅದೇ ಜಾಗ ಹೇಗಿರುತ್ತೆ? ಮೋಡ ಕೆಳಗೆ ಹಾಸಿರಲ್ಲ, ನೀವೇ ಮೋಡದ ಒಳಗೆ ನಿಂತಿರ್ತೀರಿ. ಹತ್ತು ಅಡಿ ಮುಂದೆ ಏನಿದೆ ಕಾಣಲ್ಲ. ಗಾಳಿಗೆ ಛತ್ರಿ ನಿಲ್ಲಲ್ಲ. ದಾರಿಯ ಕೊನೆಯ ಭಾಗ ಕೆಸರು. ಇಳಿಜಾರಿನ ಮಣ್ಣು ನೀರು ಕುಡಿದು ಕುಡಿದು ತೂಕ ಹೆಚ್ಚಾಗಿ ಕೂತಿರುತ್ತೆ.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹೊಳೆಗೆ ಒಳ್ಳೆ ತಿಂಗಳು ಬೆಟ್ಟಕ್ಕೆ ಕೆಟ್ಟ ತಿಂಗಳು. ಬೆಟ್ಟಕ್ಕೆ ಒಳ್ಳೆ ತಿಂಗಳು ಹೊಳೆಗೆ ಸಪ್ಪೆ ತಿಂಗಳು. ಕಾಂಬೋ ಅಂದ್ರೆ ಎರಡರಲ್ಲಿ ಒಂದನ್ನ ನಿಮಗೆ ತಪ್ಪು ಕಾಲದಲ್ಲಿ ಮಾರೋದು. ಜನವರಿಯಲ್ಲಿ ತಗೊಂಡ್ರೆ ರಾಫ್ಟಿಂಗ್ ಹೆಸರಲ್ಲಿ ನಿಂತ ನೀರಲ್ಲಿ ಹುಟ್ಟು ಹಾಕ್ತೀರಿ, ಅದರಲ್ಲಿ ಹೋಗೋದು ದುಡ್ಡು ಮಾತ್ರ. ಆಗಸ್ಟಲ್ಲಿ ತಗೊಂಡ್ರೆ ನೆನೆದು ಸಡಿಲವಾದ ಬೆಟ್ಟದ ಮೇಲೆ ಟೈರ್ ಹೊರಳಿಸ್ತೀರಿ, ಅಲ್ಲಿ ಹೋಗೋದು ಬರೀ ದುಡ್ಡಲ್ಲ.

"ಅಕ್ಟೋಬರಲ್ಲಿ ಎರಡೂ ಅಷ್ಟಿಷ್ಟು ಸಿಗುತ್ತಲ್ಲ?" ಅಂತ ಯಾರೋ ಕೇಳ್ತೀರಿ ಅಂತ ಗೊತ್ತು. ನಿಜ, ಸಿಗುತ್ತೆ. ಆ ಎರಡು ಮೂರು ವಾರಕ್ಕೆ ಋತುವಿನ ವಾದ ಬಿಟ್ಟುಕೊಡ್ತೀನಿ. ಗಡಿಯಾರದ ವಾದ ಬಿಡಲ್ಲ. ನಮ್ಮ ಪೋಲ್ ಇರೋದಂತೂ ಆಗಸ್ಟ್‌ಗೆ.

3/9

ಗಡಿಯಾರದ ಲೆಕ್ಕ. ಪೆನ್ನು ತಗೊಳ್ಳಿ.

ಮೈಸೂರಿಂದ ಹೊರಡ್ತೀವಿ ಅಂದ್ಕೊಳ್ಳಿ. ಮಡಿಕೇರಿಗೆ ಸುಮಾರು 120 ಕಿಲೋಮೀಟರ್, 3 ಗಂಟೆ. ಮಡಿಕೇರಿಯಿಂದ ಜೀಪಲ್ಲಿ ಮಾಂದಲ್‌ಪಟ್ಟಿಗೆ ಹೋಗಿ, ಮೇಲೆ ಒಂದು ಗಂಟೆ ನಿಂತು, ವಾಪಸ್ ಬರೋಕೆ 3 ಗಂಟೆ. ತಿಂಡಿ ಊಟ ಸೇರಿ 1 ಗಂಟೆ. ಅಲ್ಲಿಂದ ದುಬಾರೆಗೆ 1 ಗಂಟೆ. ರಾಫ್ಟಿಂಗ್‌ಗೆ ಜಾಕೆಟ್ ಹಾಕೋದು, ಬ್ರೀಫಿಂಗ್, ಹೊಳೆಯಲ್ಲಿ ಹೋಗೋದು, ಬಟ್ಟೆ ಬದಲಾಯಿಸೋದು, ಎಲ್ಲ ಸೇರಿ ಎರಡೂವರೆ ಗಂಟೆ. ದುಬಾರೆಯಿಂದ ಮೈಸೂರಿಗೆ ಎರಡೂವರೆ ಗಂಟೆ. ಕೂಡಿಸಿ: 13 ಗಂಟೆ.

ಈ 13 ಗಂಟೆಯಲ್ಲಿ ಯಾವ ಕ್ಯೂ ಇಲ್ಲ, ಟ್ರಾಫಿಕ್ ಇಲ್ಲ, ಯಾರಿಗೂ ವಾಂತಿ ಬಂದಿಲ್ಲ, ಮಳೆಗೆ ಎಲ್ಲೂ ನಿಂತಿಲ್ಲ. ಲಾಂಗ್ ವೀಕೆಂಡಲ್ಲಿ ಮಡಿಕೇರಿ ರೋಡ್ ನೋಡಿದೋರಿಗೆ ಇದು ಕಥೆ ಅಂತ ಗೊತ್ತಾಗುತ್ತೆ.

ಬೆಂಗಳೂರಿಂದ ಆದ್ರೆ? ಮಡಿಕೇರಿಗೆ ಸುಮಾರು 265 ಕಿಲೋಮೀಟರ್, 6 ಗಂಟೆ. ದುಬಾರೆಯಿಂದ ವಾಪಸ್ ಐದೂವರೆ. ಒಟ್ಟು 19 ಗಂಟೆ. ಅದಕ್ಕೇ ಪ್ಯಾಕೇಜ್ ಟಿಟಿಗಳು ರಾತ್ರಿ 11ಕ್ಕೆ ಹೊರಡೋದು. ನೀವು ಹಿಂದಿನ ಸೀಟಲ್ಲಿ ಬಾಯಿ ತೆಕ್ಕೊಂಡು ಮಲಗಿರ್ತೀರಿ. ಡ್ರೈವರ್ ಅಣ್ಣ? ಹೋಗ್ತಾ 6, ಮಧ್ಯೆ 1, ಬರ್ತಾ ಐದೂವರೆ. ಹನ್ನೆರಡೂವರೆ ಗಂಟೆ ಸ್ಟೇರಿಂಗ್ ಹಿಡಿದಿರ್ತಾರೆ, ಅದೂ ಎರಡು ರಾತ್ರಿ ನಿದ್ದೆಗೆಟ್ಟು. ನೀವು ಬೆಟ್ಟದ ಮೇಲೆ ರೀಲ್ಸ್ ಮಾಡೋವಾಗ ಅವರು ಟಿಟಿಯ ಸೀಟಲ್ಲೇ ಮುದುಡಿಕೊಂಡು ಒಂದು ಗಂಟೆ ಕಣ್ಣು ಮುಚ್ಚಿದ್ರೆ ಅದೇ ನಿದ್ದೆ.

ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಬಂದಿದ್ದು 1961ರಲ್ಲಿ. ಐದು ಜನಕ್ಕಿಂತ ಕಡಿಮೆ ಇಲ್ಲದ ಸಂಸ್ಥೆಗಳಿಗೆ ಅಂತ ಮಾಡಿದ ಆ ಕಾನೂನಲ್ಲಿ ದಿನಕ್ಕೆ 8 ಗಂಟೆ ಕೆಲಸ, ದೂರದ ರೂಟ್ ಆದ್ರೆ ಹೆಚ್ಚೆಂದರೆ 10 ಅಂತ ಬರೆದಿದ್ರು. ನಮ್ಮ ತಾತಂದಿರ ಕಾಲದಲ್ಲೇ ಗೊತ್ತಿದ್ದ ವಿಷಯ: ಮನುಷ್ಯನ ಕಣ್ಣಿಗೆ ಒಂದು ಮಿತಿ ಇದೆ. ಒಂದೇ ಗಾಡಿ ಇಟ್ಟುಕೊಂಡಿರೋ ಅಣ್ಣನ ಕಣ್ಣಿಗೂ ಅದೇ ಮಿತಿ.

ಇಡೀ ಟ್ರಿಪ್ಪಲ್ಲಿ ಅತಿ ದೊಡ್ಡ ಅಡ್ವೆಂಚರ್ ಜೀಪಲ್ಲೂ ಇಲ್ಲ, ರಾಫ್ಟಲ್ಲೂ ಇಲ್ಲ. ವಾಪಸ್ ಬರೋ ರಾತ್ರಿಯ ಹೈವೇಯಲ್ಲಿದೆ.

4/9

ಈಗ ನಮ್ಮ ಸಬ್ಜೆಕ್ಟು. ದುಡ್ಡಿನ ಲೆಕ್ಕ.

ಬ್ರೇಕ್ ಈವನ್ ಪಾಯಿಂಟ್ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೀವಿ. ಒಂದು ಸಲ ಜೀಪಿಗೆ ಹಾಕಿ ನೋಡೋಣ. ಕೆಳಗಿರೋ ನಂಬರ್ ಎಲ್ಲ ಲೆಕ್ಕಕ್ಕೆ ಅಂತ ನಾನೇ ಹಾಕ್ಕೊಂಡಿದ್ದು, ಮಡಿಕೇರಿ ರೇಟ್ ಕಾರ್ಡ್ ಅಲ್ಲ.

ಜೀಪಿನ ಸಾಲದ ಕಂತು, ಇನ್ಶೂರೆನ್ಸ್, ಟೈರ್, ಕ್ಲಚ್ ಸವೆತ ಎಲ್ಲ ದಿನಕ್ಕೆ ಹಂಚಿದ್ರೆ 1,500 ರೂಪಾಯಿ ಅಂದ್ಕೊಳ್ಳಿ. ಇದು ಫಿಕ್ಸೆಡ್ ಕಾಸ್ಟ್. ಗಾಡಿ ಓಡಿದ್ರೂ ಇದೆ, ನಿಂತ್ರೂ ಇದೆ. ಒಂದು ಟ್ರಿಪ್ಪಿಗೆ ಡೀಸೆಲ್ 500. ಗಿರಾಕಿ ತಂದುಕೊಟ್ಟ ಏಜೆಂಟಿಗೆ 400. ಇದು ವೇರಿಯಬಲ್.

ಟ್ರಿಪ್ ರೇಟ್ 2,000 ಆದ್ರೆ ಕಾಂಟ್ರಿಬ್ಯೂಷನ್ 1,100. 1,500 ಭಾಗಿಸು 1,100, ಒಂದೂಕಾಲಿಗಿಂತ ಸ್ವಲ್ಪ ಜಾಸ್ತಿ. ಅಂದ್ರೆ ಎರಡು ಟ್ರಿಪ್ ಹೊಡೆದ್ರೆ ಗಾಡಿ ತನ್ನ ಖರ್ಚು ತಾನು ನೋಡಿಕೊಳ್ಳುತ್ತೆ, ಮೇಲೊಂದಿಷ್ಟು ಮನೆಗೂ ಹೋಗುತ್ತೆ.

ನೀವು ಗ್ಯಾಂಗ್ ಕಟ್ಟಿಕೊಂಡು ಹೋಗಿ ಬಾರ್ಗೇನ್ ಮಾಡಿ 1,500ಕ್ಕೆ ಇಳಿಸಿದ್ರಿ. ಅಥವಾ ಕಾಂಬೋ ಮಾಡೋ ಏಜೆಂಟ್ "ನಾನು ದಿನಾ ಜನ ಕಳಿಸ್ತೀನಲ್ಲ" ಅಂತ ಇಳಿಸಿದ. ಈಗ ಕಾಂಟ್ರಿಬ್ಯೂಷನ್ 600. 1,500 ಭಾಗಿಸು 600, ಎರಡೂವರೆ. ಅರ್ಧ ಟ್ರಿಪ್ ಹೊಡೆಯೋಕಾಗಲ್ಲ, ಮೂರು ಬೇಕು. ಅಣ್ಣನ ಕೂಲಿ ಇನ್ನೂ ಲೆಕ್ಕಕ್ಕೇ ಬಂದಿಲ್ಲ, ಅದಕ್ಕೆ ನಾಲ್ಕನೇದು ಹೊಡೀಬೇಕು.

ರೇಟ್ ಇಳಿದಿದ್ದು ಕಾಲುಭಾಗ. ಗಾಡಿಯ ಖರ್ಚು ಹುಟ್ಟಿಸೋಕೆ ಬೇಕಾದ ಓಟ ಹೆಚ್ಚುಕಮ್ಮಿ ಎರಡು ಪಟ್ಟು. ಬೆಟ್ಟದ ರಸ್ತೆ ಉದ್ದ ಅಷ್ಟೇ ಇದೆ, ಹಗಲೂ ಅಷ್ಟೇ ಇದೆ. ಇನ್ನೆಲ್ಲಿಂದ ಬರಬೇಕು ಆ ಓಟ? ವೇಗದಿಂದ. ತಿರುವಲ್ಲಿ ಹಾರ್ನ್ ಹೊಡೆದು ನಿಲ್ಲಿಸದೇ ನುಗ್ಗೋದ್ರಿಂದ. ಆರು ಜನ ಕೂರೋ ಕಡೆ ಒಂಬತ್ತು ಜನ ಕೂರಿಸೋದ್ರಿಂದ. ಬ್ರೇಕ್ ಚೆಕ್ ಮಾಡಿಸೋದನ್ನ ಮುಂದಿನ ವಾರಕ್ಕೆ ತಳ್ಳೋದ್ರಿಂದ.

ಆಮೇಲೆ ನಾವೇ ಕಾಮೆಂಟ್ ಹಾಕ್ತೀವಿ, "ಈ ಜೀಪ್ ಡ್ರೈವರ್‌ಗಳು ರ‍್ಯಾಶ್ ಗುರು" ಅಂತ. ನಾವು ತಲೆಗೆ 70, 80 ರೂಪಾಯಿ ಉಳಿಸಿ ಅವರಿಂದ ತಗೊಂಡಿದ್ದು ದುಡ್ಡಲ್ಲ, ಟೈಮು. ಆ ಟೈಮಿನ ಜೊತೆ ನಮ್ಮ ಸೇಫ್ಟಿನೂ ಹೋಯ್ತು. ಅವರ ಗಾಡಿಯಲ್ಲಿ ಕೂತಿರೋರು ನಾವೇ ತಾನೇ?

5/9

ಹೊಳೆ ಕಡೆ ಬನ್ನಿ.

13 ಗಂಟೆಯ ಲೆಕ್ಕ ಅರ್ಧ ಗಂಟೆ ತಡವಾಯ್ತು ಅಂದ್ಕೊಳ್ಳಿ. ಆ ಅರ್ಧ ಗಂಟೆಯನ್ನ ಎಲ್ಲಿ ಕಡೀತಾರೆ? ಊಟ ಬಿಟ್ರೆ ನಾವು ಗಲಾಟೆ ಮಾಡ್ತೀವಿ. ಫೋಟೋ ಟೈಮ್ ಕಡಿದ್ರೆ ಒಂದು ಸ್ಟಾರ್ ಕೊಡ್ತೀವಿ. ಯಾರೂ ಗಲಾಟೆ ಮಾಡದೇ ಇರೋದು ಒಂದೇ: ರಾಫ್ಟಿಂಗ್ ಬ್ರೀಫಿಂಗ್. ಕಳೆದ ವರ್ಷ ನಮ್ಮ ಸೀನಿಯರ್ಸ್ ಹೋಗಿದ್ದ ಒಂದು ಕಾಂಬೋದಲ್ಲಿ ಬ್ರೀಫಿಂಗ್ ನಡೆದದ್ದು ನಾಲ್ಕು ನಿಮಿಷ, ಅದೂ ಬಸ್ಸಿಂದ ಇಳಿತಾ ಇಳಿತಾ. ಏನೂ ಆಗಲಿಲ್ಲ ಅಂತ ನಕ್ಕೊಂಡು ಹೇಳ್ತಾರೆ. ಏನೂ ಆಗದೇ ಇರೋದು ವ್ಯವಸ್ಥೆ ಸರಿ ಇದೆ ಅನ್ನೋದಕ್ಕೆ ಸಾಕ್ಷಿ ಅಲ್ಲ.

ಬ್ರೀಫಿಂಗಲ್ಲಿ ಏನಿರಬೇಕು ಅಂತ ಇಲ್ಲೇ ಬರೀತೀನಿ, ಸೇವ್ ಮಾಡ್ಕೊಳ್ಳಿ.

ಲೈಫ್ ಜಾಕೆಟ್: ಎಲ್ಲ ಬಕಲ್ ಹಾಕಿ, ಬಿಗಿ ಮಾಡಿ. ಆಮೇಲೆ ಪಕ್ಕದವರಿಗೆ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಯೋಕೆ ಹೇಳಿ. ಜಾಕೆಟ್ ಕಿವಿವರೆಗೆ ಬಂತಾ? ಸಡಿಲ ಇದೆ. ನೀರಲ್ಲೂ ಹಾಗೇ ಮೇಲೆ ಬರುತ್ತೆ, ನೀವು ಕೆಳಗೆ ಹೋಗ್ತೀರಿ.

ಹೆಲ್ಮೆಟ್: ಗಲ್ಲದ ಪಟ್ಟಿ ಕಟ್ಟದ ಹೆಲ್ಮೆಟ್ ಬರೀ ಟೋಪಿ.

ನೀರಿಗೆ ಬಿದ್ರೆ: ಬೆನ್ನ ಮೇಲೆ ಮಲಗಿ, ಕಾಲು ಮೇಲೆ, ಪಾದ ನೀರು ಹರಿಯೋ ದಿಕ್ಕಿಗೆ. ಬಂಡೆ ಬಂದ್ರೆ ತಲೆ ಅಲ್ಲ, ಕಾಲು ಮೊದಲು ತಾಗಬೇಕು. ಮುಖ್ಯವಾದದ್ದು, ಹರಿಯೋ ನೀರಲ್ಲಿ ಎದ್ದು ನಿಲ್ಲೋಕೆ ಹೋಗಬೇಡಿ. ಸೊಂಟದ ಮಟ್ಟದ ನೀರು ತಾನೇ ಅಂತ ನಿಂತ್ರೆ ಪಾದ ಎರಡು ಕಲ್ಲಿನ ಸಂದಿಗೆ ಸಿಕ್ಕಿಕೊಳ್ಳುತ್ತೆ, ಹಿಂದಿನಿಂದ ನೀರು ದಬ್ಬುತ್ತೆ, ತಲೆ ನೀರೊಳಗೆ ಹೋಗುತ್ತೆ. ಈಜು ಬರೋರೂ ಹೀಗೇ ಸಾಯ್ತಾರೆ.

ನೀರಿನ ವೇಗ ಎರಡು ಪಟ್ಟಾದ್ರೆ ಅದು ತಳ್ಳೋ ಬಲ ನಾಲ್ಕು ಪಟ್ಟು. ಹಿಂದಿನ ರಾತ್ರಿ ಮೇಲ್ಗಡೆ ಮಳೆ ಹೊಡೆದಿದ್ರೆ ನಿನ್ನೆಯ ಹೊಳೆ ಬೇರೆ, ಇವತ್ತಿನ ಹೊಳೆ ಬೇರೆ.

ಗೈಡ್ "ಫಾರ್ವರ್ಡ್, ಬ್ಯಾಕ್, ಸ್ಟಾಪ್, ಗೆಟ್ ಡೌನ್" ಅಂದಾಗ ಇಡೀ ರಾಫ್ಟ್ ಒಂದೇ ಕ್ಷಣದಲ್ಲಿ ಮಾಡಬೇಕು. ಅದಕ್ಕೆ ದಡದಲ್ಲಿ ಹತ್ತು ಸಲ ಅಭ್ಯಾಸ ಬೇಕು. ಬೆಳಗಿನ ಜಾವದಿಂದ ನಿದ್ದೆ ಇಲ್ಲದೇ, ಜೀಪಲ್ಲಿ ಮೈಯೆಲ್ಲ ಕುಲುಕಿ, ಊಟದ ಮೇಲೆ ಕಣ್ಣು ಎಳೀತಿರೋ ಹತ್ತು ಜನ ಒಂದೇ ಕ್ಷಣದಲ್ಲಿ ಏನು ಮಾಡ್ತಾರೆ ಹೇಳಿ? ಆಕಳಿಸ್ತಾರೆ.

6/9

ಇನ್ನು ಬೆಟ್ಟ.

ಮಾಂದಲ್‌ಪಟ್ಟಿ ಇರೋದು ಪುಷ್ಪಗಿರಿ ವನ್ಯಜೀವಿ ಧಾಮದ ಸೆರಗಲ್ಲಿ. ಅಲ್ಲಿ ನೆತ್ತಿಯಲ್ಲಿ ಹುಲ್ಲು, ಕಣಿವೆಯ ಮಡಿಲಲ್ಲಿ ಶೋಲಾ ಕಾಡು. ಈ ಹುಲ್ಲನ್ನ ನಾವು ಖಾಲಿ ಜಾಗ ಅಂದ್ಕೊಂಡಿದ್ದೀವಿ. ಖಾಲಿ ಅಲ್ಲ ಅದು. ಮಳೆಯ ಹೊಡೆತ ತಡೆದು, ನೀರನ್ನ ನಿಧಾನಕ್ಕೆ ಮಣ್ಣಿಗೆ ಇಳಿಸೋ ಕೆಲಸ ಆ ಹುಲ್ಲಿಂದು.

ಅದರ ಮೇಲೆ ಜೀಪ್ ಟೈರ್ ಹೋದ್ರೆ ಏನಾಗುತ್ತೆ? ಮಣ್ಣು ಅದುಮಿಕೊಳ್ಳುತ್ತೆ. ಅದುಮಿದ ಮಣ್ಣಿಗೆ ನೀರು ಇಂಗಲ್ಲ. ಚಕ್ರದ ಗುರುತು ಚಿಕ್ಕ ಕಾಲುವೆ ಆಗುತ್ತೆ. ಮುಂದಿನ ಮಳೆಗೆ ಆ ಕಾಲುವೆ ಕೊರಕಲಾಗುತ್ತೆ. ಅದು ಆಳ ಆಯ್ತು ಅಂತ ಮುಂದಿನ ಜೀಪ್ ಪಕ್ಕದ ಹುಲ್ಲಿನ ಮೇಲೆ ಇಳಿಯುತ್ತೆ. ಹೀಗೆ ಒಂದು ದಾರಿ ನಾಲ್ಕು ದಾರಿ ಆಗುತ್ತೆ. "ಅಣ್ಣಾ, ಸ್ವಲ್ಪ ಆಚೆ ಕಡೆ ಹತ್ತಿಸಿ, ವಿಡಿಯೋ ಚೆನ್ನಾಗಿ ಬರುತ್ತೆ" ಅಂತ ಕೇಳೋದು ಯಾರು? ಡ್ರೈವರ್ ಅಲ್ಲ ಕಣ್ರೀ.

2018ರ ಆಗಸ್ಟ್ ನೆನಪಿದೆಯಾ? ನಮಗಾಗ ಹನ್ನೆರಡು ಹದಿಮೂರು ವರ್ಷ, ಹತ್ತಿರ ಹತ್ತಿರ. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಜೋಡುಪಾಲ, ಮೊಣ್ಣಂಗೇರಿ. ಸ್ವಾತಂತ್ರ್ಯ ದಿನದ ಆಸುಪಾಸಲ್ಲೇ ಗುಡ್ಡಗಳು ಕುಸಿದವು. ಸಾವಿರಾರು ಜನ ಪರಿಹಾರ ಕೇಂದ್ರದಲ್ಲಿದ್ರು. ಪ್ರವಾಸಿಗರು ಜಿಲ್ಲೆಗೆ ಬರೋದನ್ನೇ ಸ್ವಲ್ಪ ದಿನ ನಿಷೇಧ ಮಾಡಿದ್ರು. ಅದಕ್ಕೆ ಜೀಪ್ ಕಾರಣ ಅಂತ ನಾನು ಹೇಳ್ತಿಲ್ಲ. ವಿಪರೀತ ಮಳೆ ಸುರಿದಿತ್ತು, ಜೊತೆಗೆ ರಸ್ತೆಗೆ, ಮನೆಗೆ ಅಂತ ಇಳಿಜಾರನ್ನ ನೆಟ್ಟಗೆ ಕಡಿದದ್ದನ್ನೂ ಭೂವಿಜ್ಞಾನಿಗಳು ಎತ್ತಿ ತೋರಿಸಿದ್ರು. ನಾನು ಹೇಳ್ತಿರೋದು ಇಷ್ಟೇ: ಈ ಮಣ್ಣು ಆಗಸ್ಟ್ ತಿಂಗಳಲ್ಲಿ ಹೇಗಿರುತ್ತೆ ಅಂತ ಒಂದು ಸಲ ನೋಡಿ ಆಗಿದೆ. ಅದೇ ತಿಂಗಳು, ಅದೇ ವಾರ, ಅದೇ ಬೆಟ್ಟದ ಸಾಲಿಗೆ ಜೀಪ್ ಸಾಲು ಕಟ್ಟಿಸೋಕೆ ನಾವು ಪೋಲ್ ಹಾಕ್ತಿದ್ದೀವಿ.

ಇನ್ನೊಂದು ವಿಷಯ. ಪುಷ್ಪಗಿರಿ ಬೆಟ್ಟಸಾಲಲ್ಲಿ ಹುಟ್ಟೋ ಹಾರಂಗಿ, ಕುಶಾಲನಗರದ ಹತ್ತಿರ ಕೂಡಿಗೆಯಲ್ಲಿ ಕಾವೇರಿ ಸೇರುತ್ತೆ. ಮಧ್ಯದಲ್ಲಿ ಹಾರಂಗಿ ಡ್ಯಾಮ್ ಇದೆ. ಮೇಲಿಂದ ಬಂದ ಹೂಳು ಕೂರೋದು ಅಲ್ಲಿ. ಅದೇ ಕಾವೇರಿ ಮುಂದೆ ಕೆಆರ್‌ಎಸ್‌ಗೆ, ಇನ್ನೂ ಮುಂದೆ ಬೆಂಗಳೂರಿನ ನಲ್ಲಿಗೆ. ಕಾಂಬೋ ಪ್ಯಾಕೇಜಲ್ಲಿ ಬೆಟ್ಟ ಬೇರೆ ಹೊಳೆ ಬೇರೆ ಐಟಂ. ಭೂಪಟದಲ್ಲಿ ಎರಡೂ ಒಂದೇ ನೀರಿನ ಕಥೆ.

7/9

ಸಹಿ ಹಾಕೋ ಮುಂಚೆ ಓದಿ.

ರಾಫ್ಟಿಂಗ್ ಜಾಗದಲ್ಲಿ ಒಂದು ಹಾಳೆ ಕೊಡ್ತಾರೆ. "ನನಗೆ ಏನೇ ಆದರೂ ನಾನೇ ಹೊಣೆ" ಅನ್ನೋ ಅರ್ಥದ್ದು. ನಾವು ಒದ್ದೆ ಕೈಯಲ್ಲಿ, ಒಬ್ಬರ ಬೆನ್ನ ಮೇಲೆ ಒಬ್ಬರು ಹಾಳೆ ಇಟ್ಟು ಸಹಿ ಹಾಕ್ತೀವಿ. ಬಿಸಿನೆಸ್ ಲಾ ಪೇಪರಲ್ಲಿ 1872ರ ಭಾರತೀಯ ಒಪ್ಪಂದ ಕಾಯ್ದೆ ಓದಿ, ಮುಕ್ತ ಸಮ್ಮತಿ ಅಂದ್ರೇನು ಅಂತ ಐದು ಅಂಕಕ್ಕೆ ಬರೆದವರು ನಾವೇ.

ಅಂಥ ಹಾಳೆಗೆ ಸಹಿ ಬಿದ್ದ ಮಾತ್ರಕ್ಕೆ ನಿರ್ಲಕ್ಷ್ಯದ ಹೊಣೆ ಮಾಯ ಆಗಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಸೇವೆಯ ಕೊರತೆ ಅನ್ನೋದೂ ಇದೆ, ಅನ್ಯಾಯದ ಒಪ್ಪಂದ ಅನ್ನೋದೂ ಇದೆ. ದೂರು ಕೊಡಬಹುದು. ಆದ್ರೆ ಯಾರ ಮೇಲೆ?

ಇಲ್ಲೇ ಕಾಂಬೋದ ನಿಜವಾದ ಕರಾಮತ್ತು ಇರೋದು. ದುಡ್ಡು ತಗೊಂಡಿದ್ದು ಇನ್ಸ್ಟಾ ಪೇಜ್ ನಡೆಸೋ ಏಜೆಂಟ್. ಟಿಟಿ ಒಬ್ಬರದ್ದು. ಜೀಪ್ ಇನ್ನೊಬ್ಬರದ್ದು. ರಾಫ್ಟ್ ಮತ್ತೊಬ್ಬರದ್ದು. ಊಟ ಮಗದೊಬ್ಬರದ್ದು. ಏನಾದ್ರೂ ಆಯ್ತು ಅಂದ್ಕೊಳ್ಳಿ. ಏಜೆಂಟ್ ಜೀಪಿನವರ ಕಡೆ ಕೈ ತೋರಿಸ್ತಾನೆ, ಜೀಪಿನವರು ಏಜೆಂಟ್ ಕಡೆ. ಏಜೆಂಟ್ ಅಂದ ಮೇಲೆ ಪ್ರಿನ್ಸಿಪಾಲ್ ಯಾರಾದ್ರೂ ಇರಬೇಕಲ್ಲ? ಅದೇ ಕಾಯ್ದೆಯ 182ನೇ ಸೆಕ್ಷನ್, ನೋಟ್ಸ್ ತೆಗೆದು ನೋಡಿ. ಯುಪಿಐ ಸ್ಕ್ರೀನ್‌ಶಾಟ್ ಬಿಟ್ರೆ ನಿಮ್ಮ ಕೈಯಲ್ಲಿ ಬಿಲ್ಲೂ ಇರಲ್ಲ. ಲಾಭ ಒಟ್ಟಿಗೆ ಕಟ್ಟಿ ಮಾರ್ತಾರೆ, ಹೊಣೆ ಬಿಡಿಬಿಡಿಯಾಗಿ ಹಂಚಿಬಿಡ್ತಾರೆ.

ಬೋರ್ಡ್ ಕೂಡ ನೋಡಿ. ಬಾಡಿಗೆಗೆ ಜನ ಕೂರಿಸೋ ಗಾಡಿಗೆ ಹಳದಿ ಬೋರ್ಡ್ ಇರಬೇಕು. ವೈಟ್ ಬೋರ್ಡ್ ಗಾಡಿಯಲ್ಲಿ ದುಡ್ಡು ಕೊಟ್ಟು ಹೋದ್ರೆ, ಅಪಘಾತ ಆದಾಗ ಇನ್ಶೂರೆನ್ಸ್ ಕಂಪನಿಗೆ ತಕರಾರು ತೆಗೆಯೋಕೆ ಬಾಗಿಲು ತೆರೆದು ಕೊಟ್ಟ ಹಾಗೆ. ಆಗ ಆಸ್ಪತ್ರೆ ಬಿಲ್ ಕಟ್ಟೋರು ನಿಮ್ಮಪ್ಪ. ಗಾಡಿ ಕಳ್ಕೊಂಡು ಕೋರ್ಟ್ ಅಲೆಯೋರು ಆ ಅಣ್ಣ. ಏಜೆಂಟ್ ಅಷ್ಟೊತ್ತಿಗೆ ಪೇಜಿನ ಹೆಸರು ಬದಲಾಯಿಸಿರ್ತಾನೆ.

ಜೀಪ್ ಒಂದನ್ನೇ, ರಾಫ್ಟ್ ಒಂದನ್ನೇ ನೇರವಾಗಿ ಬುಕ್ ಮಾಡಿದ್ರೆ ಯಾರಿಗೆ ದುಡ್ಡು ಕೊಟ್ರಿ, ಯಾರು ಉತ್ತರ ಕೊಡಬೇಕು ಅಂತ ಗೊತ್ತಿರುತ್ತೆ. ಕಮಿಷನ್ ಉಳಿಯುತ್ತೆ, ಅದು ಓಡಿಸೋರ ಜೇಬಿಗೇ ಹೋಗಬಹುದು.

8/9

ಡಿಎಂನಲ್ಲಿ ಬಂದ ವಾದಗಳಿಗೆ ಉತ್ತರ.

"ನೀನು ಹೇಳೋ ಹಾಗೆ ಮಾಡಿದ್ರೆ ಜೀಪಿನವರ ಹೊಟ್ಟೆಗೆ ಹೊಡೆದ ಹಾಗಲ್ವಾ?"
ಇಲ್ಲ. ನಾಲ್ಕನೇ ಪೋಸ್ಟಿನ ಲೆಕ್ಕ ಮತ್ತೆ ನೋಡಿ. ಬೆಟ್ಟಕ್ಕೆ ಅಂತಲೇ ಚಳಿಗಾಲದಲ್ಲಿ ಬಂದು, ಕೇಳಿದ ನ್ಯಾಯವಾದ ರೇಟ್ ಕೊಟ್ಟು, ಒಂದು ರಾತ್ರಿ ಹೋಂಸ್ಟೇಯಲ್ಲಿ ಉಳಿದು, ಅಲ್ಲೇ ಕಡುಬು, ಅಕ್ಕಿ ರೊಟ್ಟಿ ತಿಂದು ಹೋಗೋ ಗಿರಾಕಿಯಿಂದ ಊರಿಗೆ ಉಳಿಯೋದು ಹೆಚ್ಚು. ಕಾಂಬೋ ಗಿರಾಕಿ ರಾತ್ರಿ ಬಂದು ರಾತ್ರಿ ಹೋಗ್ತಾನೆ. ಉಳಿಯೋದು ಚಿಪ್ಸ್ ಪ್ಯಾಕೆಟ್ ಮಾತ್ರ.

"ಎರಡು ಸಲ ಬರೋಕೆ ನಮ್ಮ ಹತ್ರ ದುಡ್ಡೆಲ್ಲಿದೆ?"
ಇದು ನಿಜವಾದ ಪ್ರಶ್ನೆ, ತಮಾಷೆ ಮಾಡಲ್ಲ. ನಮ್ಮಲ್ಲಿ ಎಷ್ಟೋ ಜನ ಸಂಜೆ ಪಾರ್ಟ್ ಟೈಮ್ ಮಾಡಿ ಟ್ರಿಪ್ ದುಡ್ಡು ಜೋಡಿಸ್ತಾರೆ. ಅದಕ್ಕೇ ಹೇಳೋದು, ಎರಡು ಸಲ ಬರಬೇಡಿ, ಒಂದು ಸಲ ಬನ್ನಿ, ಒಂದನ್ನೇ ಮಾಡಿ. ಎರಡನೇದರ ದುಡ್ಡು ಉಳಿಯುತ್ತೆ. ಅರ್ಧಂಬರ್ಧ ಎರಡಕ್ಕಿಂತ ಪೂರ್ತಿ ಒಂದು ಅಗ್ಗ. ಎರಡು ಬಾಟಲ್ ನೀರು ಬೆರೆಸಿದ ಹಾಲಿಗಿಂತ ಒಂದು ಬಾಟಲ್ ಗಟ್ಟಿ ಹಾಲು ಮೇಲು ಅಂತ ನಮ್ಮಜ್ಜಿಗೂ ಗೊತ್ತು.

"ಅಡ್ವೆಂಚರ್ ಅಂದ ಮೇಲೆ ರಿಸ್ಕ್ ಇರಲೇಬೇಕಲ್ಲ?"
ಇರಲಿ. ಆದ್ರೆ ಯಾರ ರಿಸ್ಕು? ನೀರಿಗಿಳಿಯೋದು ನೀವು ಆರಿಸಿಕೊಂಡ ರಿಸ್ಕ್. ನಿದ್ದೆಗೆಟ್ಟ ಡ್ರೈವರ್, ಎದುರಿಂದ ಬರೋ ಸ್ಕೂಟರಿನವರು, ಬೆಟ್ಟದ ಕೆಳಗಿನ ಮನೆಯವರು ಯಾರೂ ಅದನ್ನ ಆರಿಸಿಕೊಂಡಿಲ್ಲ. ಎಕನಾಮಿಕ್ಸಲ್ಲಿ ಇದಕ್ಕೆ ಎಕ್ಸ್‌ಟರ್ನಾಲಿಟಿ ಅಂತೀವಿ. ಕನ್ನಡದಲ್ಲಿ, ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಅಂತೀವಿ.

"ನಾವೊಬ್ರು ಹೋಗದಿದ್ರೆ ಬೇರೆಯವರು ಹೋಗೇ ಹೋಗ್ತಾರೆ."
ಹೋಗಲಿ. ಪ್ಯಾಕೇಜ್ ಮಾಡೋರು ನಮ್ಮಂಥ ಕಾಲೇಜ್ ಗ್ಯಾಂಗ್ ನೋಡಿಕೊಂಡೇ ಪೋಸ್ಟರ್ ಮಾಡೋದು. ಐವತ್ತು ಜನರ ಒಂದು ಕ್ಲಾಸ್ "ಕಾಂಬೋ ಬೇಡ, ಒಂದೇ ಕೊಡಿ, ಟೈಮ್ ಕೊಡಿ" ಅಂತ ಕೇಳಿದ್ರೆ, ಅದು ಅವರ ಕಿವಿಗೆ ಬೀಳೋ ಡಿಮ್ಯಾಂಡ್. ಡಿಮ್ಯಾಂಡ್ ಬದಲಾದ್ರೆ ಸಪ್ಲೈ ಬದಲಾಗುತ್ತೆ. ಮೊದಲ ಸೆಮಿಸ್ಟರ್, ಮೊದಲ ಯೂನಿಟ್.

9/9

ಹಾಗಾದ್ರೆ ಏನು ಮಾಡೋಣ? ಬರೀ ಬೇಡ ಬೇಡ ಅಂದ್ರೆ ಆಗಲ್ಲ ಅಂತ ಗೊತ್ತು. ನನ್ನ ಕಡೆಯಿಂದ ಎರಡು ಪ್ಲಾನ್.

ಪ್ಲಾನ್ ಒಂದು, ಹೊಳೆ. ಮಳೆಯ ಜೋರು ಇಳಿದ ಮೇಲೆ, ಸೆಪ್ಟೆಂಬರ್ ಕೊನೆ. ಮೈಸೂರಿಂದ ಬೆಳಗ್ಗೆ ಆರಕ್ಕೆ ಹೊರಟು, ನೇರ ದುಬಾರೆ. ಬ್ರೀಫಿಂಗ್‌ಗೆ ಅರ್ಧ ಗಂಟೆ ನಾವೇ ಕೇಳಿ ಪಡೆಯೋದು. ರಾಫ್ಟಿಂಗ್ ಮುಗಿಸಿ, ಹೊಟ್ಟೆ ತುಂಬ ಊಟ ಮಾಡಿ, ಸುಮ್ಮನೆ ದಡದಲ್ಲಿ ಕೂತು, ಕತ್ತಲಾಗೋ ಮುಂಚೆ ವಾಪಸ್. ಡ್ರೈವರ್ ಅಣ್ಣನಿಗೂ ಹಗಲು ಡ್ಯೂಟಿ, ರಾತ್ರಿ ನಿದ್ದೆ.

ಪ್ಲಾನ್ ಎರಡು, ಬೆಟ್ಟ. ಡಿಸೆಂಬರ್ ಅಥವಾ ಜನವರಿ. ಹಿಂದಿನ ದಿನವೇ ಹೋಗಿ ಮಡಿಕೇರಿ ಕಡೆ ಉಳಿಯೋದು. ಬೆಳಗಿನ ಜಾವ ಜೀಪ್. ದಾರಿ ಬಿಟ್ಟು ಹುಲ್ಲಿನ ಮೇಲೆ ಹತ್ತಿಸಬೇಡಿ ಅಂತ ಹತ್ತೋ ಮುಂಚೆಯೇ ಹೇಳೋದು. ಮೇಲೆ ಒಂದು ಗಂಟೆ ಅಲ್ಲ, ಎರಡು ಗಂಟೆ.

ಯಾವುದೇ ಆಗಲಿ, ಬುಕ್ ಮಾಡೋ ಮುಂಚೆ ಈ ಏಳು ಪ್ರಶ್ನೆ ಕೇಳಿ:
1. ರಾಫ್ಟ್ ನಡೆಸೋರಿಗೆ, ಜೀಪಿಗೆ ಪರ್ಮಿಷನ್ ಇದೆಯಾ, ಕಾಗದ ತೋರಿಸ್ತೀರಾ?
2. ಒಂದು ರಾಫ್ಟಿಗೆ, ಒಂದು ಜೀಪಿಗೆ ಎಷ್ಟು ಜನ?
3. ಬ್ರೀಫಿಂಗ್ ಎಷ್ಟು ನಿಮಿಷ, ಯಾವ ಭಾಷೆಯಲ್ಲಿ?
4. ರಕ್ಷಣೆಗೆ ಹಗ್ಗ, ಇನ್ನೊಂದು ದೋಣಿ ಜೊತೆಗಿರುತ್ತಾ?
5. ಮಳೆ ಅಥವಾ ಜಿಲ್ಲಾಡಳಿತದ ಆದೇಶದಿಂದ ನಿಂತರೆ ದುಡ್ಡು ವಾಪಸ್ ಬರುತ್ತಾ? ಬರಲ್ಲ ಅಂದ್ರೆ, ಮಳೆ ಇದ್ರೂ ಇಳಿಸೋಕೆ ಅವರಿಗೆ ಕಾರಣ ಇದೆ ಅಂತ ಅರ್ಥ.
6. ಡ್ರೈವರ್ ಹಿಂದಿನ ರಾತ್ರಿ ಮಲಗಿದ್ರಾ?
7. ಬಿಲ್ ಯಾರ ಹೆಸರಲ್ಲಿ ಕೊಡ್ತೀರಿ?

ಏಳಕ್ಕೂ ಉತ್ತರ ಕೊಡೋರು ಇದ್ದಾರೆ. ನೀಟಾಗಿ ಕೆಲಸ ಮಾಡೋ ಗೈಡ್‌ಗಳು, ಮಳೆ ಬಂದ್ರೆ "ಇವತ್ತು ಬೇಡ ಮಕ್ಕಳೇ" ಅಂತ ಗಾಡಿ ತಿರುಗಿಸೋ ಅಣ್ಣಂದಿರು ಇದ್ದಾರೆ. ಅಗ್ಗದ ಕಾಂಬೋ ಮೊದಲು ಹೊಡೆದು ಹಾಕೋದು ಅಂಥವರನ್ನೇ, ಯಾಕಂದ್ರೆ ಅವರ ರೇಟಲ್ಲಿ ಸೇಫ್ಟಿಯ ಖರ್ಚು ಸೇರಿರುತ್ತೆ. ನಮ್ಮ ದುಡ್ಡು ಅಂಥವರಿಗೆ ಸಿಗಲಿ.

ಕ್ಲಾಸಿನವರಿಗೆ: ಪೋಲ್ ಶುಕ್ರವಾರ ಸಂಜೆವರೆಗೂ ಓಪನ್ ಇದೆ, ವೋಟ್ ಬದಲಾಯಿಸಬಹುದು. "ಹೊಳೆ, ಸೆಪ್ಟೆಂಬರ್" ಮತ್ತು "ಬೆಟ್ಟ, ಡಿಸೆಂಬರ್" ಅಂತ ಎರಡು ಹೊಸ ಆಯ್ಕೆ ಸೇರಿಸೋಕೆ ಸಿಆರ್‌ಗೆ ಹೇಳಿದ್ದೀನಿ. ಯಾವುದಕ್ಕೆ ಬಿದ್ರೂ ಟಿಟಿ ಬುಕ್ ಮಾಡೋದು, ದುಡ್ಡು ಕಲೆಕ್ಟ್ ಮಾಡೋದು, ಲೆಕ್ಕ ಬರೆದು ಗ್ರೂಪಿಗೆ ಹಾಕೋದು ನನ್ನ ಜವಾಬ್ದಾರಿ.

ಬೇರೆ ಕಾಲೇಜಿನವರಿಗೆ: ನಿಮ್ಮ ಗ್ರೂಪಲ್ಲೂ ಇದೇ ಪೋಸ್ಟರ್ ಓಡ್ತಿರುತ್ತೆ. ಅದರ ಕೆಳಗೆ ಈ ಏಳು ಪ್ರಶ್ನೆ ಪೇಸ್ಟ್ ಮಾಡಿ, ಏಜೆಂಟ್ ಏನಂತಾನೆ ಅಂತ ಕಾಮೆಂಟಲ್ಲಿ ಹೇಳಿ.

#ಕಾಂಬೋಬೇಡ #ಮಾಂದಲ್‌ಪಟ್ಟಿ #ದುಬಾರೆ #ಕೊಡಗು #ಬಿಕಾಂಲೆಕ್ಕ